ಒಂದೇ ಡೆಸ್ಕ್‌ಟಾಪ್‌ನಲ್ಲಿ ಗೇಮಿಂಗ್ ಮತ್ತು ಕ್ಯಾಡ್: ಹಳೆಯ ಎಎಂ4 ಕಂಪ್ಯೂಟರನ್ನು ಅಪ್‌ಗ್ರೇಡ್ ಮಾಡುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನ ಕಂಪ್ಯೂಟರ್ 2019ರಲ್ಲಿ ಕೊಂಡದ್ದು. ರೈಜನ್ 5 2600 ಪ್ರೊಸೆಸರ್, ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ಇರುವ ಬಿ450 ಮದರ್‌ಬೋರ್ಡ್, ಒಂದೇ ಒಂದು 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಮತ್ತು 450 ವಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಘಟಕ) ಅದರಲ್ಲಿದ್ದವು. ಹಗಲಿನಲ್ಲಿ ಅವನು ಅದರಲ್ಲಿ ಸಾಲಿಡ್‌ವರ್ಕ್ಸ್ ಮತ್ತು ಆಟೊಕ್ಯಾಡ್ ಎಂಬ ಕ್ಯಾಡ್ (ಕಂಪ್ಯೂಟರ್ ವಿನ್ಯಾಸ) ತಂತ್ರಾಂಶಗಳನ್ನು ನಡೆಸುತ್ತಾನೆ, ರಾತ್ರಿ ಆಟ ಆಡುತ್ತಾನೆ. ಎರಡೂ ನಿಧಾನವಾದಾಗ ಅವನು ಕೇಳಿದ ಮೊದಲ ಪ್ರಶ್ನೆ, ‘ಮಾಮ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?’ ಎಂಬುದಾಗಿತ್ತು.

ಬಹುತೇಕ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಹಣ ಪೋಲಾಗುವುದೂ ಅಲ್ಲಿಯೇ. ಪ್ರೊಸೆಸರ್, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಹಾಕಿದ ಹಣ ಆಟಕ್ಕೂ ಕ್ಯಾಡ್‌ಗೂ ಸಮಾನವಾಗಿ ಒದಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಮಾತ್ರ ಇವೆರಡರ ದಾರಿ ಬೇರೆಯಾಗುತ್ತದೆ. ಆದ್ದರಿಂದ ಕಾರ್ಡಿನ ಆಯ್ಕೆಯನ್ನು ಕೊನೆಗೆ ಇಟ್ಟುಕೊಂಡು, ಈಗಿರುವ ಯಂತ್ರ ಎಲ್ಲಿ ಏದುಸಿರು ಬಿಡುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಇದೇ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಮುಂದಿನ ಹಂತಗಳನ್ನು ವಿವರಿಸಿದ್ದೇನೆ. ನಿಮ್ಮದು ಇಂಟೆಲ್ ಯಂತ್ರವಾಗಿದ್ದರೂ ಕ್ರಮ ಇದೇ, ಭಾಗಗಳ ಹೆಸರು ಮಾತ್ರ ಬೇರೆ.

ಹಂತ 1: ಅಳತೆ

ಸಾಲಿಡ್‌ವರ್ಕ್ಸ್‌ನಲ್ಲಿ ನಿಮ್ಮ ಅತ್ಯಂತ ಭಾರವಾದ ಅಸೆಂಬ್ಲಿಯನ್ನು (ಹಲವು ಭಾಗಗಳನ್ನು ಜೋಡಿಸಿದ ಮಾದರಿ) ತೆರೆದು ರೀಬಿಲ್ಡ್ ಮಾಡಿ (ಮಾದರಿಯನ್ನು ಮತ್ತೆ ಲೆಕ್ಕ ಹಾಕಿಸಿ), ಅದೇ ಹೊತ್ತಿಗೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ. ಅಕ್ಕನ ಮಗನ ಯಂತ್ರದಲ್ಲಿ ಸಿಪಿಯು ಬಳಕೆ ಶೇಕಡಾ 9ರ ಆಸುಪಾಸಿನಲ್ಲಿ ನಿಂತಿತ್ತು. ಪ್ರೊಸೆಸರ್ ಬಿಡುವಾಗಿಯೇ ಇದೆ, ತೊಂದರೆ ಬೇರೆಲ್ಲೋ ಇದೆ ಎಂದು ಅವನು ಭಾವಿಸಿದ್ದ. ನಿಜ ಸಂಗತಿ ಅದಕ್ಕೆ ತದ್ವಿರುದ್ಧ. ರೈಜನ್ 5 2600ರಲ್ಲಿ 6 ಕೋರ್ (ಲೆಕ್ಕ ಮಾಡುವ ಘಟಕ) ಮತ್ತು 12 ಥ್ರೆಡ್‌ಗಳಿವೆ (ಏಕಕಾಲಕ್ಕೆ ಸಾಗುವ ಕೆಲಸದ ಸಾಲು). ನೂರನ್ನು ಹನ್ನೆರಡರಿಂದ ಭಾಗಿಸಿದರೆ ಎಂಟು ಚಿಲ್ಲರೆ ಬರುತ್ತದೆ. ಅಂದರೆ ಒಂದು ಥ್ರೆಡ್ ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯುತ್ತಿದೆ, ಉಳಿದ ಹನ್ನೊಂದು ಸುಮ್ಮನೆ ಕಾಯುತ್ತಿವೆ. ಸಾಲಿಡ್‌ವರ್ಕ್ಸ್‌ನ ಫೀಚರ್ ಟ್ರೀಯಲ್ಲಿ (ಮಾದರಿ ರಚಿಸಿದ ಹೆಜ್ಜೆಗಳ ಪಟ್ಟಿ) ಪ್ರತಿಯೊಂದು ಫೀಚರ್ ತನಗಿಂತ ಮೇಲಿರುವುದನ್ನು ಆಧರಿಸಿರುವುದರಿಂದ ರೀಬಿಲ್ಡ್ ಕೆಲಸವನ್ನು ಹತ್ತು ಕೋರ್‌ಗಳಿಗೆ ಹಂಚಿಕೊಡಲು ಬರುವುದಿಲ್ಲ. ಆಟೊಕ್ಯಾಡ್‌ನ ಬಹುಪಾಲು ಕೆಲಸವೂ ಹೀಗೆಯೇ ಒಂದೇ ಥ್ರೆಡ್ಡಿನ ಮೇಲೆ ಸಾಗುತ್ತದೆ. ಹಾಗಾಗಿ ಕ್ಯಾಡ್‌ಗೆ ಬೇಕಾದದ್ದು ಹೆಚ್ಚು ಕೋರ್‌ಗಳಿಗಿಂತ ಹೆಚ್ಚಾಗಿ ವೇಗವಾದ ಕೋರ್. ರೆಂಡರಿಂಗ್ (ಮಾದರಿಯಿಂದ ನೈಜ ಚಿತ್ರ ತಯಾರಿಸುವುದು) ಮಾಡುವಾಗ ಮಾತ್ರ ಎಲ್ಲ ಕೋರ್‌ಗಳೂ ಕೆಲಸಕ್ಕೆ ಬರುತ್ತವೆ.

ಸಾಲಿಡ್‌ವರ್ಕ್ಸ್‌ನ ಇವ್ಯಾಲ್ಯುಯೇಟ್ ಟ್ಯಾಬಿನಲ್ಲಿ ‘ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್’ ಎಂಬ ಸೌಲಭ್ಯವಿದೆ. ಯಾವ ಫೀಚರ್ ಎಷ್ಟು ಸೆಕೆಂಡು ತಿನ್ನುತ್ತಿದೆ ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಆ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯ ಹಂತದಲ್ಲಿ ಬೇಕಾಗುತ್ತವೆ.

ಆಟದ ಪರೀಕ್ಷೆ ಇನ್ನೂ ಸರಳ. ಆಟದ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ, ಫ್ರೇಮ್ ದರ ಏರುತ್ತದೆಯೇ ನೋಡಿ. ಏರಿದರೆ ತಡೆ ಗ್ರಾಫಿಕ್ಸ್ ಕಾರ್ಡಿನದು; ಇದ್ದಷ್ಟೇ ಉಳಿದರೆ ತಡೆ ಪ್ರೊಸೆಸರ್ ಅಥವಾ ರ‍್ಯಾಮ್‌ನದು. ಆಡುವಾಗ ಜಿಪಿಯು ಬಳಕೆ ಶೇಕಡಾ 97–99ರಲ್ಲಿದ್ದರೆ ಕಾರ್ಡ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ಜೊತೆಗೆ ಮೆಮೊರಿ ಪುಟವನ್ನು ತೆರೆದು, ‘ಕಮಿಟೆಡ್’ ಎಂಬ ಸಂಖ್ಯೆ ಹಾಕಿರುವ ರ‍್ಯಾಮ್‌ಗಿಂತ ಹೆಚ್ಚಿದೆಯೇ ನೋಡಿ. ಈ ಯಂತ್ರದಲ್ಲಿ 8 ಜಿಬಿ ಇರುವಲ್ಲಿ ಅದು 14 ಜಿಬಿ ದಾಟಿತ್ತು. ಹಿಡಿಸದ ಪಾಲೆಲ್ಲ ಹಾರ್ಡ್ ಡಿಸ್ಕಿಗೆ ಹೋಗಿ ಬಂದು ಮಾಡುತ್ತಿತ್ತು, ಡಿಸ್ಕಿನ ಗ್ರಾಫ್ ನೂರಕ್ಕೇ ಅಂಟಿಕೊಂಡಿತ್ತು.

ಹಂತ 2: ಯಾವ ಭಾಗ, ಏಕೆ

ಎಎಂ4 ಸಾಕೆಟ್‌ನ ದೊಡ್ಡ ಗುಣವೆಂದರೆ, 2018ರ ಬಿ450 ಬೋರ್ಡ್ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಪಡೆದುಕೊಂಡು 2020ರ ನಂತರದ ರೈಜನ್ 5000 ಸರಣಿಯ ಪ್ರೊಸೆಸರನ್ನೂ ಸ್ವೀಕರಿಸುತ್ತದೆ. ಹೊಸ ಎಎಂ5ಗೆ ಹೋಗಬೇಕೆಂದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. 2025ರ ಕೊನೆಯಿಂದ ಮೆಮೊರಿ ಬೆಲೆ ತೀವ್ರವಾಗಿ ಏರಿರುವುದರಿಂದ, ಬೋರ್ಡ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಪ್ರೊಸೆಸರ್‌ಗೆ ನಮ್ಮ ಮುಂದೆ ಎರಡು ಹೆಸರುಗಳಿದ್ದವು. ರೈಜನ್ 7 5700ಎಕ್ಸ್ ಮತ್ತು ರೈಜನ್ 7 5700ಎಕ್ಸ್3ಡಿ. ಎರಡರಲ್ಲೂ 8 ಕೋರ್, 16 ಥ್ರೆಡ್. ಮೊದಲನೆಯದು 4.6 ಗಿಗಾಹರ್ಟ್ಸ್ ತನಕ ಓಡುತ್ತದೆ, ಎಲ್3 ಕ್ಯಾಷ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ. ಎರಡನೆಯದು 4.1 ಗಿಗಾಹರ್ಟ್ಸ್‌ಗೆ ನಿಲ್ಲುತ್ತದೆ, ಆದರೆ ಕ್ಯಾಷ್ 96 ಎಂಬಿ. ಆಟಗಳಿಗೆ ಆ ಕ್ಯಾಷ್ ವರವಿದ್ದಂತೆ. ಒಂದೇ ಥ್ರೆಡ್ಡನ್ನು ನಂಬಿದ ಕ್ಯಾಡ್‌ಗೆ ಗಿಗಾಹರ್ಟ್ಸ್ ಹೆಚ್ಚು ಮುಖ್ಯ. ಆಟ ಮತ್ತು ಕ್ಯಾಡ್ ಎರಡೂ ಇರುವ ಮನೆಗೆ ನಾನು 5700ಎಕ್ಸ್ ಅನ್ನೇ ಆರಿಸುತ್ತೇನೆ. 60 ಅಥವಾ 75 ಹರ್ಟ್ಸ್ ಮಾನಿಟರ್‌ನಲ್ಲಿ ಆಡುವವರಿಗೆ ಎಕ್ಸ್3ಡಿಯ ಹೆಚ್ಚುವರಿ ಫ್ರೇಮ್‌ಗಳು ಕಣ್ಣಿಗೆ ಬೀಳುವುದೂ ಇಲ್ಲ, ಅದು ಹೊಸದಾಗಿ ಸಿಗುವುದೂ ಈಗ ಕಷ್ಟ. ಒಂದು ವಿಷಯ ನೆನಪಿರಲಿ: 5700ಎಕ್ಸ್ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. 2600ರ ಜೊತೆ ಬಂದಿದ್ದ ಚಿಕ್ಕ ಕೂಲರ್ ಹೇಗೋ ನಿಭಾಯಿಸುತ್ತದೆಯಾದರೂ, ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಅದರ ಮೇಲೆ ಭರವಸೆ ಇಡಬೇಡಿ. 120 ಮಿಲಿಮೀಟರ್ ಫ್ಯಾನಿನ ಸಾಧಾರಣ ಟವರ್ ಕೂಲರ್ ಸಾಕು. ಅದರ ಎತ್ತರ ನಿಮ್ಮ ಕ್ಯಾಬಿನೆಟ್ಟಿಗೆ ಹೊಂದುತ್ತದೆಯೇ ಎಂದು ಅಳೆದು ನೋಡಿಯೇ ಕೊಳ್ಳಿ.

ರ‍್ಯಾಮ್ 16 ಜಿಬಿಯ ಎರಡು ಸ್ಟಿಕ್, ಒಟ್ಟು 32 ಜಿಬಿ, ಡಿಡಿಆರ್4 3200. ಸಾಲಿಡ್‌ವರ್ಕ್ಸ್ ಕಂಪನಿಯೇ ಕನಿಷ್ಠ 16 ಜಿಬಿ ಕೇಳುತ್ತದೆ. ಅದರ ಪಕ್ಕದಲ್ಲಿ ಬ್ರೌಸರ್ ಮತ್ತು ಪಿಡಿಎಫ್‌ಗಳು ತೆರೆದಿರುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ 32 ಜಿಬಿ ದುಂದುವೆಚ್ಚವಲ್ಲ. ಹಳೆಯ 8 ಜಿಬಿ ಸ್ಟಿಕ್ಕನ್ನು ಹೊಸದರ ಜೊತೆ ಬೆರೆಸುವ ಆಸೆ ಬೇಡ, ಬೇರೆ ಬೇರೆ ಸ್ಟಿಕ್‌ಗಳು ಒಟ್ಟಿಗಿದ್ದಾಗ ವೇಗ ಕೆಳಗಿನದಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಯಂತ್ರ ಸ್ಥಿರವಾಗಿ ನಿಲ್ಲುವುದೇ ಇಲ್ಲ. ಜೋಡಿಯಾಗಿ ಹಾಕಿದಾಗ ಡ್ಯುಯಲ್ ಚಾನೆಲ್ ಸಿಗುತ್ತದೆ. ಒಂಟಿ ಸ್ಟಿಕ್ಕಿನಿಂದ ಜೋಡಿಗೆ ಬಂದಾಗ ಆಟದ ನಡುವೆ ಆಗುತ್ತಿದ್ದ ಎಳೆತ, ತಡವರಿಕೆ ಕಡಿಮೆಯಾಗುವುದನ್ನು ಯಾರಾದರೂ ಗುರುತಿಸಬಹುದು.

ಸ್ಟೋರೇಜ್ ವಿಚಾರದಲ್ಲಿ ಚರ್ಚೆಯೇ ಬೇಡ. 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿನ ಎಂ.2 ಸ್ಲಾಟ್‌ಗೆ ಸೇರುವ ವೇಗದ ಡ್ರೈವ್) ಹಾಕಿ. ಬಿ450 ಬೋರ್ಡ್ ಪಿಸಿಐಇ (ಬೋರ್ಡ್ ಮತ್ತು ಭಾಗಗಳ ನಡುವಿನ ದತ್ತಾಂಶದ ದಾರಿ) 3.0 ಮಟ್ಟದ್ದಾಗಿರುವುದರಿಂದ ಸೆಕೆಂಡಿಗೆ ಸುಮಾರು 3500 ಎಂಬಿಯೇ ಅದರ ಮೇರೆ. ಅದಕ್ಕಿಂತ ದುಬಾರಿ 4.0 ಡ್ರೈವ್ ಕೊಂಡರೆ ಹೆಚ್ಚಿನ ಹಣಕ್ಕೆ ಫಲವಿಲ್ಲ. ಎಂ.2 ಸ್ಲಾಟ್ ಬಳಸಿದಾಗ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್‌ಗಳು (ಹಾರ್ಡ್ ಡಿಸ್ಕ್ ಕೇಬಲ್ ಸೇರುವ ಜಾಗ) ನಿಷ್ಕ್ರಿಯವಾಗುತ್ತವೆ, ಮ್ಯಾನುಯಲ್ ತೆರೆದು ನೋಡಿ.

ಈಗ ಗ್ರಾಫಿಕ್ಸ್ ಕಾರ್ಡ್. ಕ್ವಾಡ್ರೊ ಮತ್ತು ಆರ್‌ಟಿಎಕ್ಸ್ ಎ2000, ಎ4000ದಂಥ ವರ್ಕ್‌ಸ್ಟೇಷನ್ ಕಾರ್ಡ್‌ಗಳಿಗೆ ಕ್ಯಾಡ್ ಕಂಪನಿಗಳ ಪ್ರಮಾಣೀಕರಣ ಇರುತ್ತದೆ. ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ (ಮಾದರಿಯನ್ನು ನೈಜವಾಗಿ ತೋರಿಸುವ ಸೌಲಭ್ಯ) ಅಧಿಕೃತವಾಗಿ ಅವುಗಳಲ್ಲೇ ನಡೆಯುತ್ತದೆ. ಆದರೆ ಅದೇ ಬೆಲೆಯ ಜಿಫೋರ್ಸ್ ಕಾರ್ಡ್ ಆಟದಲ್ಲಿ ಅವುಗಳನ್ನು ಎಷ್ಟೋ ಹಿಂದೆ ಹಾಕುತ್ತದೆ. ದಿನವಿಡೀ ಸಾವಿರಾರು ಭಾಗಗಳ ಅಸೆಂಬ್ಲಿಯಲ್ಲಿ ಕೆಲಸ ಮಾಡಿ ಅದರಿಂದಲೇ ಸಂಬಳ ಪಡೆಯುವವರು ವರ್ಕ್‌ಸ್ಟೇಷನ್ ಕಾರ್ಡ್ ಕೊಳ್ಳಲಿ. ವಿದ್ಯಾರ್ಥಿಗೆ, ಸಣ್ಣ ವಿನ್ಯಾಸ ಕಚೇರಿ ನಡೆಸುವವರಿಗೆ, ಫ್ಯೂಷನ್ ಅಥವಾ ಆಟೊಕ್ಯಾಡ್ ಬಳಸುವವರಿಗೆ ಜಿಫೋರ್ಸ್ ಸಾಕು. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರಿಗಂತೂ ಅದೇ ಒಳ್ಳೆಯದು.

ಹಳೆಯ ಬೋರ್ಡ್ ಇರುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಆರ್‌ಟಿಎಕ್ಸ್ 4060 2023ರದ್ದು, 115 ವಾಟ್ ಮಾತ್ರ ಬೇಡುತ್ತದೆ, ಆದರೆ ಅದು ಎಂಟೇ ಪಿಸಿಐಇ ಲೇನ್‌ಗಳನ್ನು ಬಳಸುತ್ತದೆ, ಮೆಮೊರಿ 8 ಜಿಬಿ. ಪಿಸಿಐಇ 3.0 ಬೋರ್ಡಿನಲ್ಲಿ ಆ ಎಂಟು ಲೇನ್‌ಗಳ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ ಮೆಮೊರಿ ಸಾಲುವ ತನಕ ಇದು ಗೊತ್ತಾಗುವುದಿಲ್ಲ. ತುಂಬಿ ತುಳುಕಿದ ಕ್ಷಣ ದತ್ತಾಂಶವೆಲ್ಲ ಆ ಕಿರಿದಾದ ದಾರಿಯಲ್ಲೇ ಓಡಾಡಬೇಕಾಗಿ ಚಿತ್ರ ತಡವರಿಸುತ್ತದೆ. ಆರ್‌ಟಿಎಕ್ಸ್ 3060ರ 12 ಜಿಬಿ ಆವೃತ್ತಿ 2021ರದ್ದು, 170 ವಾಟ್ ಕುಡಿಯುತ್ತದೆ, ಆದರೆ ಹದಿನಾರು ಲೇನ್‌ಗಳಿವೆ. ದೊಡ್ಡ ಮಾದರಿಗಳಿಗೂ ರೆಂಡರಿಂಗಿಗೂ ಆ 12 ಜಿಬಿ ಒದಗುತ್ತದೆ. ನಾವು ಅದನ್ನೇ ಆರಿಸಿದೆವು. ಹೊಸ ಕಾರ್ಡೇ ಬೇಕೆನ್ನುವವರು 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ನೋಡಬಹುದು; ಅದರಲ್ಲೂ ಎಂಟೇ ಲೇನ್, ಆದರೆ ಮೆಮೊರಿ ಸುಲಭವಾಗಿ ತುಂಬುವುದಿಲ್ಲ. 1050 ಟಿಐನಂಥ ಪ್ಯಾಸ್ಕಲ್ ಪೀಳಿಗೆಯ ಕಾರ್ಡ್‌ಗಳಿಗೆ 2025ರ ಅಕ್ಟೋಬರ್ ನಂತರ ಎನ್‌ವಿಡಿಯಾ ಹೊಸ ಆಟಗಳಿಗೆಂದು ಡ್ರೈವರ್ ತರುವುದನ್ನು ನಿಲ್ಲಿಸಿ ಭದ್ರತಾ ಅಪ್‌ಡೇಟ್‌ಗಳಿಗಷ್ಟೇ ಸೀಮಿತಗೊಳಿಸಿದೆ. ಹಾಗಾಗಿ ಕಾರ್ಡ್ ಬದಲಾವಣೆಯನ್ನು ಬಹಳ ಕಾಲ ಮುಂದೂಡುವುದೂ ಸರಿಯಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಹಂತ 3: ಎಸ್‌ಎಂಪಿಎಸ್ ಮತ್ತು ಯುಪಿಎಸ್

ಆರು ವರ್ಷ ದುಡಿದ 450 ವಾಟ್ ಎಸ್‌ಎಂಪಿಎಸ್‌ಗೆ 170 ವಾಟ್ ಕಾರ್ಡ್ ಕಟ್ಟುವುದು ಬೇಡ. 650 ವಾಟ್‌ನ, 80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ ಗುರುತಿನ, ಐದು ವರ್ಷವಾದರೂ ವಾರಂಟಿ ಇರುವ ಘಟಕ ಕೊಳ್ಳಿ. ಮಾಡ್ಯುಲರ್ ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಎಂದಿಗೂ ಚುಚ್ಚಬೇಡಿ. ತುದಿಯ ಆಕಾರ ಒಂದೇ ಇದ್ದರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪು ಕೇಬಲ್ಲಿನಿಂದ ಹಾರ್ಡ್ ಡಿಸ್ಕ್ ಸುಟ್ಟು, ಅದರ ಜೊತೆ ವರ್ಷಗಳ ಕೆಲಸವೂ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯುಪಿಎಸ್ ಬಗ್ಗೆ ಜನ ಯೋಚಿಸುವುದೇ ಇಲ್ಲ. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಹೊಸ ಯಂತ್ರ ಆಟದ ಹೊತ್ತಿನಲ್ಲಿ 300 ವಾಟ್ ಎಳೆಯುತ್ತದೆ, ಮೇಲೆ ಮಾನಿಟರ್ ಬೇರೆ. ಕರೆಂಟ್ ಹೋದ ತಕ್ಷಣ ಯುಪಿಎಸ್ ಕಿರುಚಿ ಆರಿಹೋದರೆ, ಸೇವ್ ಮಾಡದ ಅಸೆಂಬ್ಲಿ ಹೋಯಿತೆಂದೇ ಲೆಕ್ಕ. 1000 ವಿಎ ಅಥವಾ ಅದಕ್ಕಿಂತ ಮೇಲಿನದನ್ನು ಇಟ್ಟುಕೊಳ್ಳಿ.

ಹಂತ 4: ಬಿಚ್ಚುವ ಮುನ್ನ

ಈ ಹಂತದಲ್ಲಿ ಅವಸರ ಸಲ್ಲದು. ಮೊದಲು ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶದ ಲೈಸೆನ್ಸ್ ಆ ಯಂತ್ರಕ್ಕೆ ಬಿಗಿಯಾಗಿದ್ದರೆ, ಹಳೆಯ ವಿಂಡೋಸ್ ಚಾಲೂ ಇರುವಾಗಲೇ ಅದನ್ನು ಡಿಆ್ಯಕ್ಟಿವೇಟ್ ಮಾಡಿ. ಫಾರ್ಮ್ಯಾಟ್ ಆದ ಮೇಲೆ ಅದನ್ನು ಬಿಡಿಸಿಕೊಳ್ಳಲು ಪತ್ರ ವ್ಯವಹಾರ ಮಾಡಬೇಕಾಗುತ್ತದೆ.

ಮುಂದಿನದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡ್ರೈವಿಗೆ ಹಾಕುವ ಬೀಗ. ಪ್ರೊಸೆಸರ್ ಬದಲಾದರೆ ಅದರೊಳಗಿನ ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಕಾಯುವ ಭಾಗ) ಕೂಡ ಬದಲಾಗುತ್ತದೆ. ಬಿಟ್‌ಲಾಕರ್ ಚಾಲೂ ಇದ್ದ ಡ್ರೈವ್ ಆಗ ರಿಕವರಿ ಕೀ ಕೇಳುತ್ತದೆ. ಆ 48 ಅಂಕಿಗಳು ನಿಮ್ಮ ಬಳಿ ಇಲ್ಲದಿದ್ದರೆ ಡ್ರೈವಿನಲ್ಲಿರುವುದನ್ನು ಮರೆತುಬಿಡಬೇಕು. ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಇಲ್ಲವೇ ಬಿಟ್‌ಲಾಕರನ್ನು ಮೊದಲೇ ನಿಲ್ಲಿಸಿ.

ಆಮೇಲೆ ಬಯೋಸ್. ಹಳೆಯ ಪ್ರೊಸೆಸರ್ ಸಾಕೆಟ್‌ನಲ್ಲಿ ಇರುವಾಗಲೇ ಇದನ್ನು ಮಾಡಬೇಕು, ಏಕೆಂದರೆ ಹಳೆಯ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ, ಪರದೆಯೇ ಹತ್ತುವುದಿಲ್ಲ. ಬೋರ್ಡಿನ ಹೆಸರನ್ನೂ ಅದರ ಮೇಲೆ ಮುದ್ರಿಸಿದ ರಿವಿಷನ್ ಸಂಖ್ಯೆಯನ್ನೂ ನೋಡಿಕೊಂಡು, ತಯಾರಕರ ತಾಣದಿಂದಲೇ ಕಡತ ಇಳಿಸಿಕೊಳ್ಳಿ. ತೀರಾ ಹಳೆಯ ಬಯೋಸ್‌ನಿಂದ ನೇರವಾಗಿ ಕೊನೆಯದಕ್ಕೆ ಜಿಗಿಯಲು ಕೆಲವು ಬೋರ್ಡ್‌ಗಳು ಬಿಡುವುದಿಲ್ಲ, ನಡುವೆ ಒಂದು ಮೆಟ್ಟಿಲು ಹತ್ತಬೇಕಾಗುತ್ತದೆ; ತಾಣದ ಟಿಪ್ಪಣಿಯನ್ನು ಪೂರ್ತಿ ಓದಿ. ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿಗೆ ಕಡತ ಹಾಕಿ, ಯುಪಿಎಸ್ ಮೇಲೆ ಯಂತ್ರವಿಟ್ಟು, ಬಯೋಸ್‌ನೊಳಗಿನ ಫ್ಲ್ಯಾಷ್ ಸೌಲಭ್ಯದಿಂದ ಅಪ್‌ಡೇಟ್ ಮಾಡಿ. ವಿಂಡೋಸ್ 11ರಲ್ಲಿ ಎಫ್‌ಟಿಪಿಎಂ ಕಾರಣದಿಂದ ಆಟ ಆಗಾಗ ತಡವರಿಸುತ್ತಿದ್ದ ದೋಷವನ್ನು ಎಎಂಡಿ 2022ರಲ್ಲಿ ಒಪ್ಪಿಕೊಂಡು ಬಯೋಸ್ ಮೂಲಕವೇ ಸರಿಪಡಿಸಿತು; ಹಾಗಾಗಿ ಪ್ರೊಸೆಸರ್ ಬದಲಾಯಿಸದವರಿಗೂ ಈ ಅಪ್‌ಡೇಟ್ ಬೇಕು.

ಹಂತ 5: ಜೋಡಣೆ

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಮೊದಲ ದಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿ, ಮರುದಿನ ಎಸ್‌ಎಂಪಿಎಸ್ ಮತ್ತು ಕಾರ್ಡ್, ಕೊನೆಗೆ ಪ್ರೊಸೆಸರ್. ಯಂತ್ರ ಹಟ ಹಿಡಿದಾಗ ಯಾವ ಭಾಗದಿಂದ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಆಗಾಗ ಮುಟ್ಟುತ್ತಿದ್ದರೆ ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ. ರ‍್ಯಾಮ್ ಸ್ಟಿಕ್‌ಗಳನ್ನು ಪ್ರೊಸೆಸರ್‌ನಿಂದ ಎಣಿಸಿದಾಗ ಬರುವ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ, ಟಕ್ ಎಂದು ಸದ್ದು ಬರುವ ತನಕ ಒತ್ತಿ. ಎಸ್‌ಎಸ್‌ಡಿಯನ್ನು ಓರೆಯಾಗಿ ಸ್ಲಾಟ್‌ಗೆ ತೂರಿಸಿ, ಮಲಗಿಸಿ, ಚಿಕ್ಕ ಸ್ಕ್ರೂ ಬಿಗಿಯಿರಿ. ಆ ಸ್ಕ್ರೂ ಬೋರ್ಡಿನ ಪೆಟ್ಟಿಗೆಯಲ್ಲಿ ಪ್ರತ್ಯೇಕ ಚೀಲದಲ್ಲಿ ಬಂದಿರುತ್ತದೆ, ಹುಡುಕಿಟ್ಟುಕೊಳ್ಳಿ.

ಪ್ರೊಸೆಸರ್ ಹಂತ ಮಾತ್ರ ಹುಷಾರು. ಎಎಂ4 ಪ್ರೊಸೆಸರ್‌ಗಳ 1331 ಪಿನ್‌ಗಳು ಪ್ರೊಸೆಸರಿನ ತಳದಲ್ಲಿಯೇ ಇರುತ್ತವೆ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಕೂಲರ್‌ಗೆ ಹಿಡಿದಿರುತ್ತದೆ. ಹಿಂದೊಮ್ಮೆ ನಾನು ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದಾಗ, ಸಾಕೆಟ್‌ನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಬೇರುಸಮೇತ ಕಿತ್ತ ಸಸಿಯಂತೆ ಕೂಲರ್ ಜೊತೆಯಲ್ಲೇ ಎದ್ದು ಬಂತು. ಮೂಲೆಯ ಎರಡು ಪಿನ್‌ಗಳು ಬಾಗಿದ್ದವು. ಸೀಸ ತೆಗೆದ 0.5 ಮಿಲಿಮೀಟರ್ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯೊಳಗೆ ಪಿನ್ ಸೇರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಬೇಕಾಯಿತು. ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ: ಬಿಚ್ಚುವ ಮೊದಲು ಕಾಲು ಗಂಟೆ ಯಂತ್ರಕ್ಕೆ ಭಾರದ ಕೆಲಸ ಕೊಟ್ಟು ಪೇಸ್ಟ್ ಬಿಸಿಯಾಗಿಸುತ್ತೇನೆ, ಆರಿಸಿ ಪ್ಲಗ್ ಕಿತ್ತ ತಕ್ಷಣ ಸ್ಕ್ರೂ ಸಡಿಲಿಸುತ್ತೇನೆ, ಕೂಲರನ್ನು ಎಳೆಯದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತೇನೆ. ಹಿಡಿತ ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ, ಆಮೇಲಷ್ಟೇ ಎತ್ತುತ್ತೇನೆ.

ಹೊಸ ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ, ತನ್ನ ತೂಕಕ್ಕೇ ಕೂತುಕೊಳ್ಳಬೇಕು. ಒತ್ತುವ ಅಗತ್ಯ ಬಿದ್ದರೆ ಏನೋ ತಪ್ಪಿದೆ. ಲಿವರ್ ಮುಚ್ಚಿ, ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು, ಕೂಲರ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೂಲರ್ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಎಂದು ಇನ್ನೊಮ್ಮೆ ನೋಡಿ.

ಹಂತ 6: ಮೊದಲ ಸಲ ಆನ್ ಮಾಡಿದಾಗ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸೇರಿರಲಿ, ಬೋರ್ಡಿನ ಪೋರ್ಟಿಗಲ್ಲ. ಮೆಮೊರಿ ತರಬೇತಿಗೆಂದು ಯಂತ್ರ ಒಂದೆರಡು ಬಾರಿ ತಾನೇ ಆರಿ ಹತ್ತಬಹುದು, ಗಾಬರಿಯಾಗಬೇಡಿ. ಹೊಸ ಪ್ರೊಸೆಸರ್ ಕಂಡುಬಂದಿದೆ, ಎಫ್‌ಟಿಪಿಎಂ ಮರುಹೊಂದಿಸಲೇ ಎಂದು ಕಪ್ಪು ಪರದೆಯ ಮೇಲೆ ಪ್ರಶ್ನೆ ಬಂದರೆ, ರಿಕವರಿ ಕೀ ಕೈಯಲ್ಲಿದೆ ಎಂಬ ಖಾತ್ರಿಯಿಂದಲೇ ‘ವೈ’ ಒತ್ತಿ.

ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬುದನ್ನು ಚಾಲೂ ಮಾಡಿ. ಮಾಡದಿದ್ದರೆ 3200ರ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುವ ಸಂಭವ ಹೆಚ್ಚು. ಹಳೆಯ ಬೂಟ್ ವಿಧಾನವಾದ ಸಿಎಸ್‌ಎಂ ಅನ್ನು ಆಫ್ ಮಾಡಿ, ‘ಅಬೋವ್ 4ಜಿ ಡಿಕೋಡಿಂಗ್’ ಮತ್ತು ‘ರೀಸೈಜ್ ಬಾರ್’ ಎರಡನ್ನೂ ಹಚ್ಚಿ.

ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬೂಟ್ ಭಾಗ ಹಳೆಯ ಡಿಸ್ಕಿನಲ್ಲೇ ಕೂತು, ಮುಂದೆಂದೋ ಆ ಡಿಸ್ಕ್ ತೆಗೆದಾಗ ಯಂತ್ರವೇ ಏಳುವುದಿಲ್ಲ. ಎನ್‌ವಿಡಿಯಾ ಡ್ರೈವರ್‌ನಲ್ಲಿ ‘ಗೇಮ್ ರೆಡಿ’ ಮತ್ತು ‘ಸ್ಟುಡಿಯೊ’ ಎಂಬ ಎರಡು ಬಗೆ ಇವೆ. ಸ್ಟುಡಿಯೊ ಡ್ರೈವರ್‌ನಲ್ಲಿ ಆಟಗಳೂ ಸರಿಯಾಗಿ ನಡೆಯುತ್ತವೆ, ಆದ್ದರಿಂದ ಕ್ಯಾಡ್ ಮಾಡುವವರು ಅದನ್ನೇ ಹಾಕಿಕೊಳ್ಳಿ. ಆಟೊಕ್ಯಾಡ್‌ನಲ್ಲಿ ‘ಗ್ರಾಫಿಕ್ಸ್‌ಕಾನ್ಫಿಗ್’ ಆದೇಶ ಕೊಟ್ಟು ಹಾರ್ಡ್‌ವೇರ್ ಆಕ್ಸಲರೇಷನ್ ಚಾಲೂ ಇದೆಯೇ ನೋಡಿ. ಮಾನಿಟರ್ 144 ಹರ್ಟ್ಸಿನದಾಗಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನೀವೇ ಆರಿಸಬೇಕು, ಎಷ್ಟೋ ಜನ ವರ್ಷಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ.

ಹಂತ 7: ಪರೀಕ್ಷೆ

ರಾತ್ರಿ ಮಲಗುವ ಮುಂಚೆ ಮೆಮ್‌ಟೆಸ್ಟ್86 ಹಚ್ಚಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ರ‍್ಯಾಮ್ ಬದಲಾಯಿಸಿಕೊಳ್ಳಿ. ಆಟದಲ್ಲಾದರೆ ಅದು ಒಂದು ಕ್ರ್ಯಾಷ್‌ನಲ್ಲಿ ಮುಗಿಯಬಹುದು, ಕ್ಯಾಡ್‌ನಲ್ಲಿ ಕೆಟ್ಟ ಕಡತ ಸದ್ದಿಲ್ಲದೆ ಸೇವ್ ಆಗಿಬಿಡುತ್ತದೆ. ಸಿನೆಬೆಂಚ್ (ಪ್ರೊಸೆಸರಿಗೆ ಭಾರ ಕೊಟ್ಟು ಪರೀಕ್ಷಿಸುವ ತಂತ್ರಾಂಶ) ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಉಷ್ಣಾಂಶ ಗಮನಿಸಿ. 5700ಎಕ್ಸ್‌ನ ಗರಿಷ್ಠ ಮಿತಿ 90 ಡಿಗ್ರಿ; 80ರೊಳಗೆ ನಿಂತರೆ ನೆಮ್ಮದಿ.

ಈಗ ಮೊದಲ ಹಂತದಲ್ಲಿ ಬರೆದಿಟ್ಟ ಕಾಗದ ತೆಗೆಯಿರಿ. ಅದೇ ಅಸೆಂಬ್ಲಿ, ಅದೇ ರೀಬಿಲ್ಡ್, ಅದೇ ಆಟದ ಅದೇ ದೃಶ್ಯ. ರೀಬಿಲ್ಡ್ ಸಮಯ ಗಣನೀಯವಾಗಿ ಇಳಿಯದಿದ್ದರೆ ದೋಷ ಮಾದರಿಯಲ್ಲೇ ಇರಬಹುದು: ನಿಜವಾದ ಎಳೆಗಳಿರುವ ಬೋಲ್ಟ್‌ಗಳು, ಅತಿಯಾಗಿ ಏರಿಸಿದ ಇಮೇಜ್ ಕ್ವಾಲಿಟಿ, ಒಂದರ ಬೆನ್ನಿಗೆ ಒಂದು ಕಟ್ಟಿದ ಹೊರಗಿನ ರೆಫರೆನ್ಸ್‌ಗಳು. ಅಕ್ಕನ ಮಗನ ಗೇರ್‌ಬಾಕ್ಸ್‌ನಲ್ಲಿ ಅರ್ಧದಷ್ಟು ಸಮಯವನ್ನು ತಿನ್ನುತ್ತಿದ್ದದ್ದು ಬೋಲ್ಟ್‌ಗಳ ಮೇಲೆ ಅವನು ಹೆಲಿಕ್ಸ್ ಹಾಕಿ ಕೊರೆದಿದ್ದ ಎಳೆಗಳು. ಅವುಗಳನ್ನು ಕಾಸ್ಮೆಟಿಕ್ ಥ್ರೆಡ್‌ಗೆ (ಎಳೆಯ ಗುರುತನ್ನಷ್ಟೇ ತೋರಿಸುವ ಬಗೆ) ಬದಲಾಯಿಸಿದ್ದರಿಂದ ಆದ ಉಪಕಾರ ಪ್ರೊಸೆಸರಿನಿಂದ ಆದದ್ದಕ್ಕೇನೂ ಕಡಿಮೆಯಿರಲಿಲ್ಲ.

ಹಳೆಯ 1050 ಟಿಐ ಕಾರ್ಡನ್ನು ಮಾರಿಬಿಡಲು ಆತುರ ಬೇಡ. 5700ಎಕ್ಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಹೊಸ ಕಾರ್ಡ್ ವಾರಂಟಿಗೆ ಹೋಗಿ ಎರಡು ಮೂರು ವಾರ ಬಾರದಿದ್ದರೆ ಪರದೆ ಹತ್ತಿಸಲು ಬೇರೆ ದಾರಿಯೇ ಇರುವುದಿಲ್ಲ. ಬಹುತೇಕ 1050 ಟಿಐ ಕಾರ್ಡ್‌ಗಳಿಗೆ ಪ್ರತ್ಯೇಕ ಪವರ್ ಕೇಬಲ್ಲೂ ಬೇಡ. ಹೊಸ ಕಾರ್ಡ್ ಬಂದ ಬೆಳ್ಳಿಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲಿ ಹಳೆಯ ಕಾರ್ಡನ್ನು ಸುತ್ತಿ, ಬಿಲ್ಲಿನ ಜೊತೆ ಅದೇ ಪೆಟ್ಟಿಗೆಯಲ್ಲಿ ಇಟ್ಟುಬಿಡಿ.